ಸಂಗಮಕ್ಕೆ ಹೋದವರು, ಕಾದರೊಳ್ಳಿಗೆ ಬಂದವರು

ರಾಜಕಾರಣಿಯೊಬ್ಬರ ನಿವೃತ್ತಿಯ ಬಗ್ಗೆ ಕನ್ನಡದಲ್ಲಿ ಬಂದಿರುವ ಒಳ್ಳೆಯ ಕೃತಿ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಗಿರೀಶ ಕಾರ್ನಾಡರ ‘ತಲೆದಂಡ’ ಎನ್ನುತ್ತೇನೆ. ಕೇಳಿದವರು ಒಮ್ಮೆ ನನ್ನ ಮುಖ ನೋಡುತ್ತಾರೆ. ಬಸವಣ್ಣನವರನ್ನು ರಾಜಕಾರಣಿ ಎನ್ನುವುದು ಅವರಿಗೆ ಸೇರುವುದಿಲ್ಲ. ಆದರೆ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರು. ರಾಜ್ಯದ ಬೊಕ್ಕಸದ ಕೀಲಿ ಅವರ ಕೈಯಲ್ಲಿತ್ತು. ಅವರ ಮಾತಿಗೆ ಕಿವಿಗೊಡುವ ದೊಡ್ಡದೊಂದು ಬಳಗ ಬೆನ್ನಿಗಿತ್ತು. ಅರಮನೆಯಲ್ಲಿ ಹುದ್ದೆ, ಬೀದಿಯಲ್ಲಿ ಬಳಗ. ಎರಡನ್ನೂ ಒಟ್ಟಿಗೆ ನಿಭಾಯಿಸುವ ಕೆಲಸಕ್ಕೆ ರಾಜಕಾರಣವೆಂಬುದಕ್ಕಿಂತ ಬೇರೆ ಹೆಸರು ನನಗೆ ಗೊತ್ತಿಲ್ಲ. ಒಂದು ದಿನ ಅವರು ಹುದ್ದೆಯನ್ನೂ ಊರನ್ನೂ ಬಿಟ್ಟು ಕೂಡಲಸಂಗಮದ ದಾರಿ ಹಿಡಿದರು. ಅವರ ಬಳಗದ ಕೆಲವು ಹುಡುಗರು ಅರಮನೆಗೆ ನುಗ್ಗಿ ದೊರೆಯನ್ನು ಕೊಂದರು. ಸೌಮ್ಯ ನಾಯಕ ಹೊರಟದ್ದು, ಪಕ್ಷ ಉಗ್ರರ ಕೈಗೆ ಹೋದದ್ದು. ಈ ಎರಡು ಸಂಗತಿಗಳ ನಡುವಿನ ಸಂಬಂಧವೇನು ಎಂಬುದನ್ನು ನಮ್ಮ ನಾಟಕಗಳು ಎಷ್ಟು ಧೈರ್ಯದಿಂದ ಕೇಳಿವೆ ಎನ್ನುವುದು ಈ ಬರಹದ ವಿಷಯ. (ಚರಿತ್ರೆಯ ವ್ಯಕ್ತಿಯನ್ನು ಬಸವಣ್ಣನವರು ಎಂದೂ ನಾಟಕದ ಪಾತ್ರವನ್ನು ಬಸವಣ್ಣ ಎಂದೂ ಕರೆಯುತ್ತೇನೆ. ಈ ವ್ಯತ್ಯಾಸ ಮರೆತಾಗಲೆಲ್ಲ ನಮ್ಮಲ್ಲಿ ಗಲಾಟೆ ಆಗಿದೆ.)

ಮೊದಲು ಒಂದು ಶಬ್ದದ ವಿಚಾರ. ಶಾಲೆಯ ಇತಿಹಾಸದ ಪುಸ್ತಕ ಗೋಖಲೆಯವರ ಕಡೆಯವರನ್ನು ‘ಮಂದಗಾಮಿಗಳು’ ಎಂದೂ ಟಿಳಕರ ಕಡೆಯವರನ್ನು ‘ತೀವ್ರಗಾಮಿಗಳು’ ಎಂದೂ ನಮಗೆ ಕಲಿಸಿತು. ಮಂದಬುದ್ಧಿ, ಮಂದದೃಷ್ಟಿ, ಮಂದಾಗ್ನಿ ಎಂಬ ಶಬ್ದಗಳ ಸಾಲಿನಲ್ಲೇ ಮಂದಗಾಮಿಯನ್ನೂ ಕೂರಿಸಿದ ಮೇಲೆ ಯಾವ ಹುಡುಗ ತಾನೇ ಗೋಖಲೆಯವರ ಪರ ನಿಂತಾನು? ಟಿಳಕರ ಪತ್ರಿಕೆ ಓದುತ್ತಿದ್ದ ಬೆಳಗಾವಿ ಸೀಮೆಗೆ ಮರಾಠಿಯಿಂದ ಇನ್ನೊಂದು ಜೋಡಿ ಬಂದಿತ್ತು: ಮವಾಳ, ಜಹಾಲ. ಮವಾಳ ಎಂದರೆ ಮೆತ್ತಗಿನವನು. ಎರಡೂ ಭಾಷೆಗಳಲ್ಲಿ ತೂಕ ಯಾವ ಕಡೆಗಿದೆ ಎಂದು ಬಿಡಿಸಿ ಹೇಳಬೇಕಿಲ್ಲ. ಕಿತ್ತೂರಿನ ಕತೆಯನ್ನೇ ನೋಡಿ. ಲಾವಣಿಯಿಂದ ಸಿನಿಮಾದವರೆಗೆ ಮಲ್ಲಪ್ಪಶೆಟ್ಟಿ, ವೆಂಕಟರಾಯರು ದ್ರೋಹಿಗಳು. ಅಲ್ಲಿ ಸಂಧಾನದ ಮಾತು ಬಾಯಿಗೆ ಬಂದರೆ ಸಾಕು, ಆ ಬಾಯಿ ದ್ರೋಹಿಯದೇ. ಅವರು ನಿಜವಾಗಿ ದ್ರೋಹ ಮಾಡಿದ್ದಿರಬಹುದು, ಅದು ಬೇರೆ ಮಾತು. ದ್ರೋಹಿಯಾಗದೆಯೂ ಜಗಳ ಬೇಡವೆನ್ನುವ ಒಂದು ಪಾತ್ರವನ್ನು ಕಟ್ಟಲು ನಮ್ಮ ಜನಪದ ನಾಟಕಕ್ಕೆ ಮನಸ್ಸಾಗಲಿಲ್ಲ ಎನ್ನುವುದು ನನಗೆ ಮುಖ್ಯ. ಆ ಕೊರತೆಯನ್ನು ತುಂಬಲು ಹೊರಟ ಮೊದಲಿಗರಲ್ಲಿ ಕಾರ್ನಾಡರು ಒಬ್ಬರು.

‘ತಲೆದಂಡ’ ಹುಟ್ಟಿದ್ದು ಮಂದಿರ ಮತ್ತು ಮಂಡಲ್ ಎಂಬ ಎರಡು ಕೂಗುಗಳು ದೇಶದಲ್ಲಿ ಏಳುತ್ತಿದ್ದ ಹೊತ್ತಿಗೆ, 1989–90ರ ಸುಮಾರಿಗೆ. 1994ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅದರ ಬಗ್ಗೆ ಬಂದ ವಿಮರ್ಶೆಯ ಬಹುಪಾಲು ಬಸವಣ್ಣ ಮತ್ತು ಬಿಜ್ಜಳರ ಸ್ನೇಹದ ಸುತ್ತ ತಿರುಗುತ್ತದೆ. ಅದು ಸಹಜವೇ, ಬಿಜ್ಜಳನ ಪಾತ್ರ ನಟರಿಗೆ ಹಬ್ಬ. ಆದರೆ ಈ ನಾಟಕದ ಬೀಜ ಇರುವುದು ಜಗದೇವನಲ್ಲಿ. ಪರದೆ ಸರಿದಾಗ ನಾವು ಕಾಣುವುದು ಅರಮನೆಯನ್ನಲ್ಲ, ಬ್ರಾಹ್ಮಣ ಕೇರಿಯ ಒಂದು ಮನೆಯನ್ನು. ತಂದೆ ಸಾಯುತ್ತಿದ್ದಾನೆ, ಮಗನಿಗಾಗಿ ಹಂಬಲಿಸುತ್ತಿದ್ದಾನೆ. ಮಗ ಬೊಕ್ಕಸದ ಕಾವಲಿನಲ್ಲಿದ್ದಾನೆ. ಬಸವಣ್ಣ ಊರಲ್ಲಿಲ್ಲದ ಹೊತ್ತು ನೋಡಿ ಯುವರಾಜ ಸೋವಿದೇವ ಬೊಕ್ಕಸ ತೆಗೆಸಿ, ಲೆಕ್ಕ ಕಡಿಮೆ ಬಿತ್ತು ಎಂದು ತೋರಿಸುವ ಹವಣಿಕೆಯಲ್ಲಿದ್ದಾನೆ. ಜಗದೇವ ಹುಡುಗರನ್ನು ಸೇರಿಸಿ ಬೊಕ್ಕಸಕ್ಕೆ ಮುತ್ತಿಗೆ ಹಾಕಿದ್ದಾನೆ. ಮನೆಗೆ ಬರುವಾಗ ಮಾದಿಗರ ಮಲ್ಲಿಬೊಮ್ಮನನ್ನು ಜೊತೆಗೆ ತರುತ್ತಾನೆ, ಒಳಗೆ ಬಾ ಎಂದು ಒತ್ತಾಯಿಸುತ್ತಾನೆ. ಮಲ್ಲಿಬೊಮ್ಮನಿಗೆ ಸಂಕೋಚ. ಆ ಹೊತ್ತಿನಲ್ಲಿ, ಆ ಸಾವಿನ ಮನೆಯಲ್ಲಿ, ಅವನಿಗೆ ಒಳಗೆ ಹೋಗುವ ಯಾವ ಆಸೆಯೂ ಇಲ್ಲ. ಆದರೆ ಜಗದೇವನಿಗೆ ಅವನ ಸಂಕೋಚ ಕಾಣುವುದಿಲ್ಲ, ಅವನ ಕಾಲು ಮಾತ್ರ ಕಾಣುತ್ತದೆ. ಆ ಕಾಲು ತನ್ನ ಮನೆಯ ಹೊಸ್ತಿಲು ದಾಟಬೇಕು. ಗೆಳೆಯನ ಮೈಯನ್ನು ತನ್ನ ತತ್ವದ ಸಾಕ್ಷಿಯಾಗಿ ಬಳಸಿಕೊಳ್ಳುವ ಈ ಕ್ಷಣವನ್ನು ಕಾರ್ನಾಡರು ನಾಟಕದ ಬಾಗಿಲಲ್ಲೇ ಇಟ್ಟಿದ್ದಾರೆ. ಮುಂದೆ ಅವನ ಕೈಗೆ ಆಯುಧ ಬಂದಾಗ ನಮಗೆ ಆಶ್ಚರ್ಯವಾಗಬಾರದು.

ಇನ್ನೂ ಸೂಕ್ಷ್ಮವಾದದ್ದು ಆಮೇಲಿನ ಪ್ರಸಂಗ. ಬಸವಣ್ಣ ಮರಳಿ ಬಂದು ಬೊಕ್ಕಸ ಎಣಿಸಿದಾಗ ಲೆಕ್ಕ ಸರಿಯಿದೆ. ಊರೆಲ್ಲ ಪವಾಡ, ಪವಾಡ ಎಂದು ಕೂಗುತ್ತದೆ. ಅಹೋರಾತ್ರಿ ಬೊಕ್ಕಸದ ಮುಂದೆ ಕೂತು ಸೋವಿದೇವನ ಕೈ ಕಟ್ಟಿದವನು ಜಗದೇವ; ಕೀರ್ತಿ ಹೋದದ್ದು ಅಣ್ಣನ ಪವಾಡಕ್ಕೆ. ಅವನು ಮುಖ ಊದಿಸಿಕೊಂಡು ಕೂರುತ್ತಾನೆ. ಯಾವುದೇ ಪಕ್ಷದ ಕಚೇರಿಗೆ ಹೋಗಿ ಪೋಸ್ಟರ್ ಅಂಟಿಸುವ ಹುಡುಗನನ್ನು ಮಾತಾಡಿಸಿ ನೋಡಿ, ಇದೇ ಮುಖ ಸಿಗುತ್ತದೆ. ಉಗ್ರತೆ ಯಾವುದೋ ಗ್ರಂಥ ಓದಿ ಬರುತ್ತದೆ ಎಂದು ನಾವು ತಿಳಿದಿದ್ದೇವೆ. ಕಾರ್ನಾಡರ ಪ್ರಕಾರ ಅದು ಲೆಕ್ಕಕ್ಕೆ ಸಿಗದ ದುಡಿಮೆಯಿಂದ ಬರುತ್ತದೆ. ನಾಯಕನ ಒಳ್ಳೆಯ ಹೆಸರಿನ ಕೆಳಗೆ ಹೆಸರಿಲ್ಲದ ಹುಡುಗರ ಒಂದು ದಂಡು ಇರುತ್ತದೆ. ತಮ್ಮ ಹೆಸರನ್ನು ಎಲ್ಲಾದರೂ ಬರೆಯಲೇಬೇಕೆಂಬ ಹಟ ಅವರಲ್ಲಿ ಬೆಳೆಯುತ್ತದೆ. ಬಸವಣ್ಣನಿಗೆ ಈ ಪವಾಡದ ಮಾತೇ ಬೇಸರ. ಆದರೆ ಪವಾಡವನ್ನು ಅಲ್ಲಗಳೆಯುವುದು ಬೇರೆ, ಕಾವಲು ಕಾದವನ ಹೆಗಲ ಮೇಲೆ ಕೈಯಿಡುವುದು ಬೇರೆ.

ಇಲ್ಲಿಂದ ಮುಂದೆ ನನಗೆ ಕಾರ್ನಾಡರ ಮೇಲೆ ತಕರಾರಿದೆ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಎಂಬ ಸುದ್ದಿ ಬಂದಾಗ ಬಸವಣ್ಣ ಅಳುಕುತ್ತಾನೆ. ಮುಂದಾಗುವುದರ ಅರಿವು ಅವನಿಗಿದೆ. ಆ ಅಳುಕು ನಾಟಕದ ಅತ್ಯಂತ ಪ್ರಾಮಾಣಿಕ ಗಳಿಗೆ. ಸುಧಾರಕನೊಬ್ಬ ತನ್ನ ಮಾತಿನ ಪೂರ್ತಿ ಅರ್ಥವನ್ನು ಬೇರೆಯವರ ಬಾಯಲ್ಲಿ ಕೇಳಿ ಬೆಚ್ಚುವುದು. ಆಮೇಲೆ ಅವನು ಮದುವೆಯ ಪರ ನಿಲ್ಲುತ್ತಾನೆ, ಬಿಜ್ಜಳನೂ ತಡೆಯುವುದಿಲ್ಲ. ಸೋವಿದೇವ ಅರಮನೆ ಹಿಡಿಯುತ್ತಾನೆ, ಹರಳಯ್ಯ ಮಧುವರಸರ ಕಣ್ಣು ಕೀಳಿಸುತ್ತಾನೆ. ಜಗದೇವನ ಗುಂಪು ಸೇಡು ಎನ್ನುತ್ತದೆ, ಬಸವಣ್ಣ ಕೂಡದು ಎನ್ನುತ್ತಾನೆ, ಕಲ್ಯಾಣ ಬಿಡುತ್ತಾನೆ. ಹೋಗುವವನ ದುಃಖ ನಮಗೆ ತಟ್ಟುತ್ತದೆ. ಆದರೆ ನಾಟಕ ಅವನನ್ನು ತಡೆದು ನಿಲ್ಲಿಸಿ ಕೇಳುವುದಿಲ್ಲ: ನೀನು ಹೋದರೆ ಈ ಹುಡುಗರಿಗೆ ಇಲ್ಲ ಎನ್ನುವವರು ಯಾರು? ಸತ್ಯಾಗ್ರಹಿಯ ಬಿಳಿ ಬಟ್ಟೆ ಅವನ ಮೇಲೆ ಸರಿಯಾಗಿ ಕೂತಿದೆ ಎಂಬುದೇ ನನ್ನ ಅನುಮಾನಕ್ಕೆ ಕಾರಣ. ಜಗದೇವನನ್ನು ಅಷ್ಟು ಒಳಹೊಕ್ಕು ಕಂಡ ನಾಟಕಕಾರ ಬಸವಣ್ಣ ಹೊರಡುವ ಗಳಿಗೆಯಲ್ಲಿ ಯಾಕೋ ಕಣ್ಣು ತಗ್ಗಿಸುತ್ತಾನೆ.

ಹಳೆಯ ಕವಿಗಳಿಗೆ ಈ ಮುಜುಗರ ಇರಲಿಲ್ಲ. ಹರಿಹರನ ಬಸವರಾಜದೇವರ ರಗಳೆ ಇಂದು ನಮಗೆ ಸಿಕ್ಕಿರುವಷ್ಟರಲ್ಲಿ ಬಿಜ್ಜಳನ ಕೊಲೆಯವರೆಗೆ ಬರುವುದಿಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವನ್ನು ಆಧರಿಸಿ ಭೀಮಕವಿ 1369ರಲ್ಲಿ ಬರೆದ ಕನ್ನಡ ಬಸವಪುರಾಣ ಬರುತ್ತದೆ. ಅಲ್ಲಿ ಬಸವಣ್ಣನವರು ಸಂಗಮಕ್ಕೆ ಹೊರಡುವ ಮುನ್ನ ಬಿಜ್ಜಳನ ಕೊಲೆಯ ಹೊಣೆಯನ್ನು ಜಗದೇವನಿಗೆ ಒಪ್ಪಿಸುತ್ತಾರೆ, ಕಲ್ಯಾಣಕ್ಕೆ ಶಾಪವಿಡುತ್ತಾರೆ. ಜಗದೇವ ತಡಮಾಡಿದಾಗ ಅವನ ತಾಯಿಯೇ ಮಗನನ್ನು ಹೀಯಾಳಿಸಿ ಎಬ್ಬಿಸುತ್ತಾಳೆ. ಅವನು ಮಲ್ಲಯ್ಯ ಬೊಮ್ಮಯ್ಯರ ಜೊತೆ ಹೋಗಿ ಇರಿಯುತ್ತಾನೆ. ಬೀದಿಗೆ ಬಂದು ಯಾಕೆ ಕೊಂದೆವು ಎಂದು ಸಾರುತ್ತಾರೆ. ಪುರಾಣದ ದೃಷ್ಟಿಯಲ್ಲಿ ಇದು ಆರೋಪವಲ್ಲ, ಹೆಗ್ಗಳಿಕೆ. ಶಿವದ್ರೋಹಿಯನ್ನು ಕೊಲ್ಲುವುದು ಭಕ್ತಿಯ ಕೆಲಸ, ಕೊಲ್ಲು ಎನ್ನುವುದು ಗುರುವಿನ ಕೆಲಸ. ಜೈನರ ಕತೆಯಲ್ಲಿ ಇದೇ ಸಂಗತಿ ತಲೆಕೆಳಗಾಗಿ, ಬಸವಣ್ಣನವರೇ ವಿಷದಿಂದ ದೊರೆಯನ್ನು ಕೊಲ್ಲಿಸಿದರೆಂದಿದೆ. ಇವೆರಡರಲ್ಲಿ ಯಾವುದೂ ಚರಿತ್ರೆಯಲ್ಲ. ಬಿಜ್ಜಳನ ಆಳಿಕೆ 1167ರ ಸುಮಾರಿಗೆ ಮುಗಿದು ಸೋವಿದೇವನದು ಶುರುವಾಯಿತು ಎಂಬಷ್ಟು ಶಾಸನಗಳಿಂದ ತಿಳಿಯುತ್ತದೆ. ಬಸವಣ್ಣನವರ ಮನೆತನದ ಮಾತು ಬರುವ ಅರ್ಜುನವಾಡದ ಶಾಸನ, ನಮ್ಮ ಹುಕ್ಕೇರಿ ತಾಲೂಕಿನದೇ, ಸುಮಾರು ನೂರು ವರ್ಷ ಈಚಿನದು, 1260ರದು. ನಾನು ಪುರಾಣವನ್ನು ತಂದದ್ದು ನಡೆದದ್ದೇನು ಎಂದು ತೀರ್ಮಾನಿಸಲಿಕ್ಕಲ್ಲ. ನಾಯಕನ ನಿರ್ಗಮನಕ್ಕೂ ಹಿಂಬಾಲಕರ ಹಿಂಸೆಗೂ ನಡುವೆ ಒಂದು ದಾರ ಇದೆ ಎಂದು ಮಧ್ಯಕಾಲದ ಕವಿಗೆ ಕಂಡಿತ್ತು, ಅವನು ಅದನ್ನು ಹೆಮ್ಮೆಯಿಂದ ಎತ್ತಿ ತೋರಿಸಿದ. ಇಪ್ಪತ್ತನೆಯ ಶತಮಾನದ ಕನ್ನಡ ಲೇಖಕ ಆ ದಾರವನ್ನು ಕತ್ತರಿಸಿ ಬಸವಣ್ಣನನ್ನು ಅಹಿಂಸಾವಾದಿಯಾಗಿ ಮಾಡಿದ. ಹೆಮ್ಮೆಪಡುವುದು ಬೇಡ, ಸರಿ. ದಾರವನ್ನೇ ಕತ್ತರಿಸಬೇಕಿತ್ತೇ?

ಬೈಲಹೊಂಗಲದ ಕಡೆಯ ಪ್ರೇಕ್ಷಕರಿಗೆ ಈ ದಾರದ ವಿಷಯ ಹೇಳಿಕೊಡಬೇಕಾಗಿಲ್ಲ. ‘ಸಂಗ್ಯಾ ಬಾಳ್ಯಾ’ ಸಣ್ಣಾಟ ಹುಟ್ಟಿದ್ದು ಆ ಊರಲ್ಲಿ ನಡೆದದ್ದೆನ್ನುವ ಘಟನೆಯಿಂದ. ಪತ್ತಾರ ಮಾಸ್ತರರು ಕಟ್ಟಿದ ಆಟ. ಗಂಗಾಳ ಮೋಹಕ್ಕೆ ಬಿದ್ದ ಸಂಗ್ಯಾ ಕೊಲೆಯಾಗುತ್ತಾನೆ ಎಂದು ಆಟಕ್ಕೆ ಬಂದ ಪ್ರತಿಯೊಬ್ಬರಿಗೂ ಮೊದಲೇ ಗೊತ್ತು. ಬೆಳತನಕ ಕೂತು ಅವರು ಕಾಯುವುದು ಕೊಲೆಗಲ್ಲ, ಬಾಳ್ಯಾನಿಗೆ. ಜೀವದ ಗೆಳೆಯ ಯಾವಾಗ ತಿರುಗಿಬೀಳುತ್ತಾನೆ, ಅವನನ್ನು ಎಲ್ಲಿಗೆ ಕರೆದೊಯ್ಯುತ್ತಾನೆ, ಆಗ ಅವನ ದನಿ ಹೇಗಿರುತ್ತದೆ. ಇರಿದವರಿಗಿಂತ ಇರಿತದ ಜಾಗಕ್ಕೆ ಕರೆತಂದವನ ಮೇಲೆ ಕಣ್ಣು. ಇಂಥ ಪ್ರೇಕ್ಷಕರ ಮುಂದೆ ‘ತಲೆದಂಡ’ ಆಡಿದರೆ ಅವರು ಜಗದೇವನನ್ನು ಹಗುರವಾಗಿ ದಾಟಿ ಕೇಳುವ ಪ್ರಶ್ನೆ ಇದೇ ಇರಬೇಕು: ಈ ಹುಡುಗನನ್ನು ಇಲ್ಲಿಯವರೆಗೆ ಕರೆತಂದವರು ಯಾರು, ಕರೆತಂದು ಎಲ್ಲಿಗೆ ಹೋದರು?

ಪಿ. ಲಂಕೇಶರ ‘ಸಂಕ್ರಾಂತಿ’ (1971) ಈ ಪ್ರಶ್ನೆಯನ್ನು ಇನ್ನೊಂದು ತುದಿಯಿಂದ ಮುಟ್ಟುತ್ತದೆ. ಅಲ್ಲಿಯ ಶರಣನಾದ ಕೇರಿಯ ಹುಡುಗ ರುದ್ರ, ಬ್ರಾಹ್ಮಣರ ಹುಡುಗಿ ಉಷಾ. ಹೆಂಡ ಮಾಂಸ ಬಿಟ್ಟು, ಭಸ್ಮ ಹಚ್ಚಿ, ಸಂಸ್ಕೃತ ಮಿಶ್ರಿತ ಮಾತು ಕಲಿತ ರುದ್ರನಲ್ಲಿ ಉಷಾಳಿಗೆ ತಾನು ಮೆಚ್ಚಿದ ರುದ್ರ ಕಾಣುವುದಿಲ್ಲ. ಲಂಕೇಶರ ಸಿಟ್ಟು ಸೌಮ್ಯ ಸುಧಾರಣೆಯ ಮೇಲೆಯೇ. ಅದು ಮನುಷ್ಯನನ್ನು ಮೇಲೆತ್ತುವ ನೆಪದಲ್ಲಿ ಅವನ ರಸ ಹಿಂಡುತ್ತದೆ ಎಂದು. ಅದು ಚುರುಕು ನಾಟಕ, ಕಾರ್ನಾಡರದಕ್ಕಿಂತ ಬಿಗಿ. ಆದರೆ ಬಸವಣ್ಣನನ್ನು ನಿಲ್ಲಿಸಿ ಕೇಳುವ ಅವಸರದಲ್ಲಿ ಚಳವಳಿಯೊಳಗಿನ ಬಿರುಕು ಅವರ ಕಣ್ಣಿಗೆ ಅಷ್ಟಾಗಿ ಬಿದ್ದಿಲ್ಲ. 1959ರ ‘ಜಗಜ್ಯೋತಿ ಬಸವೇಶ್ವರ’ ಸಿನಿಮಾದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊನ್ನಪ್ಪ ಭಾಗವತರ ಬಸವಣ್ಣ, ರಾಜಕುಮಾರರ ಬಿಜ್ಜಳ; ಒಬ್ಬರಿಗೆ ಹಾಡು, ಒಬ್ಬರಿಗೆ ಮೀಸೆ.

ಈ ನಾಟಕಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಎಲ್ಲರ ಕತೆಯೂ ಕಲ್ಯಾಣದಲ್ಲೇ ಮುಗಿಯುತ್ತದೆ. ‘ತಲೆದಂಡ’ದಲ್ಲಿ ಸೋವಿದೇವನ ಪಟ್ಟ, ಶರಣರನ್ನು ಅಟ್ಟುವ ಆಜ್ಞೆ, ಪರದೆ. ಅಟ್ಟಿಸಿಕೊಂಡವರು ಎಲ್ಲಿಗೆ ಬಂದರು? ನಮ್ಮ ಕಡೆಗೆ ಬಂದರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಹಳ್ಳಿ ಹಳ್ಳಿಯಲ್ಲಿ ಆ ದಾರಿಯ ನೆನಪಿದೆ. ಬಸವಣ್ಣನವರ ಅಕ್ಕ ನಾಗಮ್ಮ, ಆಕೆಯ ಮಗ ಚನ್ನಬಸವಣ್ಣ, ಮಡಿವಾಳ ಮಾಚಯ್ಯ, ಡೋಹರ ಕಕ್ಕಯ್ಯ, ಬಸವಣ್ಣನವರ ಮಡದಿ ಗಂಗಾಂಬಿಕೆ ಇವರೆಲ್ಲ ವಚನದ ಕಟ್ಟು ಹೊತ್ತು ಉಳವಿಯ ಕಾಡಿನತ್ತ ನಡೆದರು, ಬೆನ್ನಟ್ಟಿ ಬಂದ ಸೋವಿದೇವನ ದಂಡಿನೊಡನೆ ಕಾದಿದರು ಎಂದು ಜನ ಹೇಳುತ್ತಾರೆ. ಮಲಪ್ರಭೆಯ ದಂಡೆಯ ಕಾದರೊಳ್ಳಿಗೆ ಆ ಹೆಸರು ಬಂದದ್ದೇ ಅಲ್ಲಿ ಶರಣರು ಕಾದಾಡಿದ್ದರಿಂದ ಎಂಬುದು ಊರವರ ಮಾತು. (ಊರಹೆಸರಿನ ವ್ಯುತ್ಪತ್ತಿ ಹೇಳುವವರನ್ನು ಪೂರ್ತಿ ನಂಬಬಾರದು, ಆದರೆ ಒಂದು ಊರು ತನ್ನ ಹೆಸರಿಗೆ ಯಾವ ಕತೆಯನ್ನು ಆರಿಸಿಕೊಂಡಿತು ಎನ್ನುವುದನ್ನು ಅಲಕ್ಷಿಸಲೂಬಾರದು.) ಮುರಗೋಡ, ಕಾರಿಮನಿಗಳ ಕಡೆ ಮಾಚಯ್ಯನ ಕತೆಗಳಿವೆ. ಮಾಚಯ್ಯ ವೀರಭದ್ರನ ಅವತಾರವೆಂಬ ನಂಬಿಕೆ ಇದೆ. ರಾಮದುರ್ಗ ತಾಲೂಕಿನ ಗೊಡಚಿಯ ವೀರಭದ್ರನ ಜಾತ್ರೆಗೆ ಸುತ್ತಲ ಸೀಮೆಯೇ ಸೇರುತ್ತದೆ. ಎಂ.ಕೆ. ಹುಬ್ಬಳ್ಳಿಯಲ್ಲಿ ಹೆದ್ದಾರಿಯ ಪಕ್ಕ ಮಲಪ್ರಭೆಯ ಪಾತ್ರದಲ್ಲೇ ಗಂಗಾಂಬಿಕೆಯ ಐಕ್ಯ ಮಂಟಪವಿದೆ. ಮಾಘದಲ್ಲಿ ಉಳವಿಯ ಜಾತ್ರೆಗೆ ಈ ತಾಲೂಕುಗಳಿಂದ ಇವತ್ತಿಗೂ ಚಕ್ಕಡಿ ಕಟ್ಟಿಕೊಂಡು, ಬುತ್ತಿ ಕಟ್ಟಿಕೊಂಡು ಜನ ಹೋಗುತ್ತಾರೆ.

ಜನಪದದ ಈ ನೆನಪಿನಲ್ಲಿ ಒಂದು ವಿಚಿತ್ರವಿದೆ, ಅದನ್ನು ಯಾವ ನಾಟಕಕಾರರೂ ಎತ್ತಿಕೊಳ್ಳಲಿಲ್ಲ. ಕಲ್ಯಾಣದಲ್ಲಿ ಸೌಮ್ಯರು, ಉಗ್ರರು ಎಂದು ಎರಡು ಬಣವಾಗಿದ್ದವರು ಮಲಪ್ರಭೆಯ ದಂಡೆಗೆ ಬರುವಷ್ಟರಲ್ಲಿ ಒಂದೇ ಬಣವಾಗಿದ್ದಾರೆ. ದೊರೆಯನ್ನು ಕೊಂದವರು ಕೆಲವರು. ಅದರ ಬೆಲೆ ತೆತ್ತವರು ಕೊಲ್ಲಬೇಡಿ ಎಂದವರೂ ಸೇರಿ ಎಲ್ಲರೂ. ಮಾಚಯ್ಯ ಬಟ್ಟೆ ಒಗೆಯುವವನು, ಈಗ ಅವನ ಕೈಯಲ್ಲಿ ಕತ್ತಿ. ಗಂಗಾಂಬಿಕೆ ದಾಸೋಹದ ಮನೆಯವಳು, ಕತೆಯಲ್ಲಿ ಆಕೆ ಕಾದರೊಳ್ಳಿಯ ಕಾಳಗದಲ್ಲಿ ಬೀಳುತ್ತಾಳೆ. ಇವರಲ್ಲಿ ಯಾರಿಗೂ ಕತ್ತಿ ಬೇಕಿರಲಿಲ್ಲ. ಉಗ್ರರು ಪಕ್ಷದೊಳಗೆ ವಾದ ಮಾಡಿ ಗೆಲ್ಲಬೇಕಾಗಿಲ್ಲ. ಒಂದು ಕೆಲಸ ಮಾಡಿಬಿಟ್ಟರೆ ಸಾಕು, ಎದುರಾಳಿಯೇ ಮಿಕ್ಕವರನ್ನೆಲ್ಲ ಅವರ ಸಾಲಿಗೆ ತಳ್ಳುತ್ತಾನೆ. ಜಗದೇವನ ವಾದಕ್ಕೆ ಗೆಲುವು ತಂದುಕೊಟ್ಟವನು ಸೋವಿದೇವ. ಇದು ನಾಟಕಕ್ಕೆ ಹೇಳಿ ಮಾಡಿಸಿದ ವಸ್ತು ಅಲ್ಲವೇ? ಎರಡನೆಯ ನೀಲಾಂಬಿಕೆಯ ಕತೆಯನ್ನೂ ಇದರ ಪಕ್ಕ ಇಡಿ. ಬಸವಣ್ಣನವರು ಕರೆಕಳಿಸಿದರು, ಆಕೆ ಹೊರಟಳು, ಸಂಗಮ ಮುಟ್ಟುವ ಮುನ್ನ ಕೃಷ್ಣೆಯ ದಂಡೆಯ ತಂಗಡಗಿಯಲ್ಲಿ ಐಕ್ಯಳಾದಳು ಎಂದು ಪರಂಪರೆ. ಒಬ್ಬ ಮಡದಿ ಗಂಡನ ದಾರಿಯಲ್ಲಿ, ಒಬ್ಬಳು ಗಂಡ ಬಿಟ್ಟುಹೋದ ಬಳಗದ ದಾರಿಯಲ್ಲಿ. ಸಂಗಮ ಎಂದರೆ ಕೃಷ್ಣೆಗೆ ಮಲಪ್ರಭೆ ಸೇರುವ ಜಾಗ. ಗಂಗಾಂಬಿಕೆ ಬಿದ್ದ ಹೊಳೆ ಸವದತ್ತಿಯ ನವಿಲುತೀರ್ಥ ದಾಟಿ, ರಾಮದುರ್ಗ ದಾಟಿ, ಬಸವಣ್ಣನವರ ಸಂಗಮಕ್ಕೇ ಹೋಗಿ ಸೇರುತ್ತದೆ. ಕವಿಯಾದವನು ಇದನ್ನು ಕಲ್ಪಿಸಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು, ನಕಾಶೆಯಲ್ಲೇ ಹೀಗಿದೆ.

ಇದೆಲ್ಲ ಎಂಟುನೂರು ವರ್ಷದ ಹಿಂದಿನ ಮಾತು ಎನ್ನುವವರಿಗೆ ರಾಮದುರ್ಗವನ್ನು ನೆನಪಿಸುತ್ತೇನೆ. ರಾಮದುರ್ಗ ಭಾವೆ ಮನೆತನದ ಪುಟ್ಟ ಸಂಸ್ಥಾನ. 1930ರ ದಶಕದ ಕೊನೆಗೆ ಅಲ್ಲಿ ಪ್ರಜಾಸಂಘದ ಚಳವಳಿ ಎದ್ದಿತು. ಕರಭಾರ, ಪ್ರಜೆಗಳ ಹಕ್ಕು, ಜವಾಬ್ದಾರಿ ಸರ್ಕಾರ. ಹುದಲಿಯ ಗಂಗಾಧರರಾವ್ ದೇಶಪಾಂಡೆಯವರು ಸಂಧಾನಕ್ಕೆ ನಿಂತರು. ಇವರು ಒಂದು ಕಾಲಕ್ಕೆ ಟಿಳಕರ ಬಂಟರು, ಬೆಳಗಾವಿಯ ಜಹಾಲರಲ್ಲಿ ಜಹಾಲ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಹೊಣೆ ಹೊತ್ತ ಹೊತ್ತಿಗೆ ಗಾಂಧೀಜಿಯ ಕಡೆಯವರಾಗಿ ಖಾದಿ, ಚರಕಕ್ಕೆ ಬಂದಿದ್ದರು. ಜಹಾಲನಾಗಿ ಶುರುವಾದವನು ಮವಾಳನಾಗಿ ಮುಪ್ಪಾಗುವುದು ನಮ್ಮ ರಾಜಕಾರಣದ ಹಳೆಯ ಪದ್ಧತಿ. ಸಂಧಾನ ನಿಲ್ಲಲಿಲ್ಲ. 1939ರ ಏಪ್ರಿಲ್‌ನಲ್ಲಿ ಸಂಸ್ಥಾನ ಪ್ರಜಾಸಂಘದ ಮುಂದಾಳುಗಳನ್ನು ಹಿಡಿಯಿತು. ಸುತ್ತಲಿನ ಹಳ್ಳಿಗಳಿಂದ ಬಂದ ಜನ ತುರಂಗಕ್ಕೆ ನುಗ್ಗಿತು, ಪೊಲೀಸರು ಸತ್ತರು. ಗಾಂಧೀಜಿ ಆ ಹಿಂಸೆಯನ್ನು ಒಪ್ಪಲಿಲ್ಲ. ಕಾಂಗ್ರೆಸ್ಸಿನವರು ತಮ್ಮ ಮನೆಯನ್ನು ತಾವೇ ನೋಡಿಕೊಳ್ಳಬೇಕೆಂಬುದು ಅವರ ನಿಲುವಾಗಿತ್ತು. ಹಿಂದೆಯೇ ದಮನ ಬಂತು, ಮೊಕದ್ದಮೆಗಳು ಬಂದವು, ಶಿಕ್ಷೆ ಗಲ್ಲಿನವರೆಗೂ ಹೋಯಿತು. ಮಾತಾಡಬಲ್ಲ ನಾಯಕರು ಒಳಗೆ, ಮಾತು ಕೇಳದ ಜನ ಹೊರಗೆ. ಇಲ್ಲಿ ನಾಯಕರು ತಾವಾಗಿ ಹೋಗಲಿಲ್ಲ, ಸರ್ಕಾರವೇ ಅವರನ್ನು ಜನರ ನಡುವಿನಿಂದ ಎತ್ತಿಕೊಂಡು ಹೋಯಿತು. ಆ ವ್ಯತ್ಯಾಸ ದೊಡ್ಡದು. ಖಾಲಿಯಾದ ಜಾಗದಲ್ಲಿ ಆದದ್ದು ಮಾತ್ರ ಒಂದೇ. ರಾಮದುರ್ಗದ ದುರಂತದ ಮೇಲೆ ಸ್ವಾತಂತ್ರ್ಯ ಹೋರಾಟದ ಪುಸ್ತಕಗಳಲ್ಲಿ ಅಧ್ಯಾಯಗಳಿವೆ. ಹುತಾತ್ಮರ ಹೆಸರುಗಳನ್ನು ಹೇಳುತ್ತೇವೆ. ತುರಂಗದ ಕಾವಲಿಗಿದ್ದ ಪೊ‍ಲೀಸರ ಮನೆಯಲ್ಲಿ ಆ ರಾತ್ರಿ ಏನಾಯಿತು ಎಂದು ಕೇಳುವ ಕತೆ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಹಾಗಾದರೆ ಕಲ್ಯಾಣದಾಚೆಯ ಕತೆಯನ್ನು ನಮ್ಮ ಲೇಖಕರು ಯಾಕೆ ಬರೆಯಲಿಲ್ಲ? ಸೋಮಾರಿತನ ಎನ್ನಲಾರೆ. ಆ ದಾರಿಯಲ್ಲಿ ನಡೆದವರನ್ನು ಮುಟ್ಟಿದವರಿಗೆ ಏನಾಯಿತು ಎಂದು ಎಲ್ಲರಿಗೂ ಗೊತ್ತಿದೆ. ಎಂ.ಎಂ. ಕಲಬುರ್ಗಿಯವರು ‘ಮಾರ್ಗ’ದ ಮೊದಲ ಸಂಪುಟದಲ್ಲಿ ನೀಲಾಂಬಿಕೆ, ಚನ್ನಬಸವಣ್ಣರ ಬಗ್ಗೆ ಬರೆದದ್ದನ್ನು 1980ರ ದಶಕದ ಕೊನೆಗೆ ಒತ್ತಡಕ್ಕೆ ಮಣಿದು ಹಿಂತೆಗೆದುಕೊಳ್ಳಬೇಕಾಯಿತು, ಅದನ್ನು ಅವರು ತಮ್ಮ ಬೌದ್ಧಿಕ ಆತ್ಮಹತ್ಯೆ ಎಂದೇ ಕರೆದರು. ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ (1986) ರಂಗದ ಮೇಲೆ ಗೆದ್ದ ನಾಟಕ. 1990ರ ದಶಕದಲ್ಲಿ ಅದು ಪಠ್ಯವಾದಾಗ ಬೀದಿ ಕೆರಳಿತು. ಪಿ.ವಿ. ನಾರಾಯಣರ ‘ಧರ್ಮಕಾರಣ’ ಕಾದಂಬರಿಗೆ ಅಕಾಡೆಮಿಯ ಪ್ರಶಸ್ತಿ ಬಂದಿತ್ತು. ಅಕ್ಕ ನಾಗಮ್ಮ ಮತ್ತು ಚನ್ನಬಸವಣ್ಣನವರ ಕುರಿತ ಭಾಗಕ್ಕೆ ಆಕ್ಷೇಪ ಬಂದು ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು, 2007ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಗಮನಿಸಿ: ತೊಂದರೆಗೆ ಸಿಕ್ಕಿದ ಪಾತ್ರಗಳು ಅಕ್ಕ ನಾಗಮ್ಮ, ಚನ್ನಬಸವಣ್ಣ, ನೀಲಾಂಬಿಕೆ. ಉಳವಿಯ ದಾರಿ ತುಳಿದವರು, ಇಲ್ಲವೇ ಹಿಂದೆ ಉಳಿದ ಮಡದಿ. ಬಸವಣ್ಣನನ್ನು ಪ್ರಶ್ನಿಸುವ ನಾಟಕಕ್ಕೆ ಪ್ರಶಸ್ತಿ ಸಿಗಬಹುದು. ಅವನು ಹೋದ ಮೇಲೆ ಉಳಿದವರ ಕತೆ ಹೇಳಹೋದರೆ ಪುಸ್ತಕವೇ ಉಳಿಯುವುದಿಲ್ಲ. ಕಲಬುರ್ಗಿಯವರು ಸಂಶೋಧನೆಯ ನಡುವೆ ‘ಕೆಟ್ಟಿತ್ತು ಕಲ್ಯಾಣ’ ಎಂಬ ನಾಟಕವನ್ನೂ ಬರೆದಿದ್ದರು. 2015ರ ಆಗಸ್ಟ್ 30ರ ಬೆಳಿಗ್ಗೆ ಅವರನ್ನು ಧಾರವಾಡದ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಆ ಬಡಾವಣೆಯ ಹೆಸರು ಕಲ್ಯಾಣನಗರ. ಎರಡು ವರ್ಷದ ಮೇಲೆ ‘ಸಂಕ್ರಾಂತಿ’ ಬರೆದವರ ಮಗಳು ಗೌರಿ ಲಂಕೇಶರನ್ನು ಬೆಂಗಳೂರಿನಲ್ಲಿ ಕೊಂದರು. ಈ ಹತ್ಯೆಗಳ ಹಿಂದಿನ ಕೈಗಳು ಬೇರೆ ಕಡೆಯವು, ಪುಸ್ತಕ ಮುಟ್ಟುಗೋಲು ಹಾಕಿಸಿದವರೇ ಬೇರೆ. ಎರಡನ್ನೂ ಒಂದು ಮಾಡುವುದು ಅನ್ಯಾಯ. ಆದರೆ ಬರೆಯಲು ಕೂತವನ ಕೈ ಎರಡಕ್ಕೂ ನಡುಗುತ್ತದೆ.

2024ರ ಜನವರಿಯಲ್ಲಿ ಸರ್ಕಾರ ಬಸವಣ್ಣನವರನ್ನು ರಾಜ್ಯದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಕಚೇರಿ ಕಚೇರಿಯಲ್ಲಿ ಭಾವಚಿತ್ರ ಬಂತು. ಭಾವಚಿತ್ರದ ಬಸವಣ್ಣನವರು ಹೋರಾಟವನ್ನು ಶುರುಮಾಡಿದವರು, ಬಿಟ್ಟುಹೋದವರಲ್ಲ. ನಮ್ಮ ಕಾಲದ ರಾಜಕಾರಣಿ ನಿವೃತ್ತನಾದಾಗಲೂ ಇದೇ ಆಗುತ್ತದೆ. ಅಭಿನಂದನ ಗ್ರಂಥ ಬರುತ್ತದೆ, ಎಲ್ಲ ಪಕ್ಷದವರೂ ವೇದಿಕೆ ಏರಿ ಇವರಂಥ ಸಜ್ಜನ ಇನ್ನಿಲ್ಲ ಎನ್ನುತ್ತಾರೆ, ಸಭೆಯ ಹಿಂದಿನ ಸಾಲಿನಲ್ಲಿ ಅವರ ಪಕ್ಷದ ಹುಡುಗರು ಮೊಬೈಲಿನಲ್ಲಿ ಬೇರೆ ಯಾರದೋ ಭಾಷಣ ಕೇಳುತ್ತಿರುತ್ತಾರೆ. ಆ ಸಜ್ಜನರ ನಲವತ್ತು ವರ್ಷದ ರಾಜಕಾರಣದಲ್ಲಿ ಆ ಹುಡುಗರು ಎಷ್ಟು ಸಲ ಬೊಕ್ಕಸ ಕಾದಿದ್ದರು, ಎಷ್ಟು ಸಲ ಇವರು ಅವರ ಗದ್ದಲವನ್ನು ನೋಡಿಯೂ ನೋಡದಂತೆ ತಮ್ಮ ಗೆಲುವಿಗೆ ಬಳಸಿಕೊಂಡಿದ್ದರು ಎಂದು ಗ್ರಂಥದ ಸಂಪಾದಕರು ಕೇಳುವುದಿಲ್ಲ. ಕೇಳಬೇಕಾದ್ದು ಸಾಹಿತ್ಯ. ಕಾರ್ನಾಡರು ಅರ್ಧ ಕೇಳಿದರು, ಅಷ್ಟಕ್ಕೆ ನಾನು ಅವರಿಗೆ ಋಣಿ. ಉಳಿದರ್ಧ ಕಾದರೊಳ್ಳಿಯಲ್ಲಿದೆ.

ಆ ಉಳಿದರ್ಧವನ್ನು ಯಾರಾದರೂ ಬರೆಯುವುದಾದರೆ ನನ್ನ ಆಸೆ ಇಷ್ಟು. ಮೊದಲ ದೃಶ್ಯ ಕಲ್ಯಾಣದಲ್ಲಿ ಬೇಡ, ಹೊಳೆಯ ದಂಡೆಯಲ್ಲಿ ಇರಲಿ. ಜಗದೇವನೂ ಆ ಗುಂಪಿನೊಡನೆ ಬಂದಿದ್ದಾನೆ ಎಂದು ಊಹಿಸಿಕೊಳ್ಳಲಿ. ಪುರಾಣ ಒಪ್ಪದಿದ್ದರೂ ನಾಟಕಕ್ಕೆ ಆ ಸ್ವಾತಂತ್ರ್ಯವಿದೆ. ದಂಡು ಒಂದು ದಿನದ ದೂರದಲ್ಲಿದೆ. ಗಂಗಾಂಬಿಕೆ ಅವನಿಗೂ ಎಲ್ಲರಂತೆ ಊಟಕ್ಕೆ ಬಡಿಸಬೇಕು. ಮಾಚಯ್ಯ ಮೊದಲ ಸಲ ಕತ್ತಿ ಹಿಡಿದು ಅದರ ಭಾರ ನೋಡುತ್ತಿದ್ದಾನೆ. ಅಣ್ಣ ಈಗ ಇಲ್ಲಿದ್ದಿದ್ದರೆ ಏನು ಹೇಳುತ್ತಿದ್ದ ಎಂದು ಯಾರೋ ಹುಡುಗ ಕೇಳುತ್ತಾನೆ. ಆಕೆ ಏನು ಉತ್ತರ ಕೊಡುತ್ತಾಳೆ ಎಂದು ನನಗೆ ಕೇಳಬೇಕಾಗಿದೆ.